ಇಳಕಲ್ ಸೀರೆಯ ಹೊಸ ದಡಿ ಯಾರದು?
ಇಳಕಲ್ ಸೀರೆಗೆ ಭೌಗೋಳಿಕ ಸೂಚಕ (ಊರಿನ ಹೆಸರಿನ ಉತ್ಪನ್ನಕ್ಕೆ ಸಿಗುವ ಜಿಐ ಮಾನ್ಯತೆ) ದೊರೆತಿರುವುದರಿಂದ ನೇಕಾರರ ವಿನ್ಯಾಸಗಳೆಲ್ಲ ಸುರಕ್ಷಿತ ಎಂದು ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಈ ಮಾತನ್ನು ನಾನು ಒಪ್ಪಲಾರೆ. ಆ ಮಾನ್ಯತೆ ಕಾಯುವುದು ಊರಿಗೆ ಅಂಟಿದ ಹೆಸರನ್ನೇ ಹೊರತು, ಒಬ್ಬ ನೇಕಾರ ಹೊಸದಾಗಿ ಬರೆದ ದಡಿಯ, ಅಂದರೆ ಸೀರೆಯಂಚಿನ, ವಿನ್ಯಾಸವನ್ನಲ್ಲ. ನಮ್ಮ ತಂದೆಯವರು ಗ್ರಾಫ್ ಹಾಳೆಯ ಒಂದೊಂದೇ ಚೌಕಕ್ಕೆ ಕೆಂಪು ಶಾಯಿ ತುಂಬುತ್ತ ಮೂರು ವಾರ ಕೂತು ರೂಪಿಸಿದ ದಡಿಯ ಫೋಟೊವನ್ನು ನಾನೇ ಅಭಿಮಾನದಿಂದ ವಾಟ್ಸಾಪಿನಲ್ಲಿ ಹಂಚಿದೆ; ದೀಪಾವಳಿಯ ಹೊತ್ತಿಗೆ ಅದೇ ದಡಿ ಪವರ್‌ಲೂಮ್ ಸೀರೆಗಳ ಮೇಲೆ ಕಂಡಿತು. 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ 10 ವರ್ಷ, ವಿಸ್ತರಿಸಿದರೆ ಮತ್ತೆ 5 ವರ್ಷ ಹಕ್ಕು ಉಳಿಯುತ್ತದೆ. ಆದರೆ ನೋಂದಣಿ ಅರ್ಜಿಗೆ ಮುನ್ನವೇ ಹೀಗೆ ಬಹಿರಂಗವಾದ ವಿನ್ಯಾಸ ಹೊಸದೆನಿಸದು, ಹಾಗಾಗಿ ನೋಂದಣಿಯೂ ಸಿಗದು. ನೋಂದಾಯಿಸದೆ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತಯಾರಿಸಿದರೆ ಕೃತಿಸ್ವಾಮ್ಯವೂ (ಕಾಪಿರೈಟ್) ಕೈತಪ್ಪುತ್ತದೆ. ಬಾಗಲಕೋಟೆ ಜಿಲ್ಲೆಯ ನೇಕಾರ ಸಹಕಾರ ಸಂಘಗಳು ವಿನ್ಯಾಸ ನೋಂದಣಿಯ ಈ ಅರ್ಜಿಯನ್ನು ತಾವೇ ಮುಂದೆ ನಿಂತು ಬರೆದುಕೊಡಬೇಕು.