ಸವಿತಾ ಹಾಲಪ್ಪನವರ ಸಾವಿನ ಬಗ್ಗೆ ನಾವು ಕ್ರೈಸ್ತರು ಮಾತಾಡಬೇಕು

ಗರ್ಭಪಾತದ ಚರ್ಚೆ ಎದ್ದಾಗಲೆಲ್ಲ ನಮ್ಮ ಕ್ರೈಸ್ತ ಬಳಗದ ವಾಟ್ಸಾಪ್ ಗುಂಪುಗಳಲ್ಲಿ ಹೊಟ್ಟೆಯೊಳಗಿನ ಕೂಸಿನ ಚಿತ್ರಗಳು ಓಡಾಡುತ್ತವೆ. ತಾಯಿಯ ಮುಖ ಎಲ್ಲೂ ಕಾಣುವುದಿಲ್ಲ. ಅದಕ್ಕೇ ಇವತ್ತು ಒಬ್ಬ ತಾಯಿಯ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ಬೆಳಗಾವಿಯ ಮನೆಮಗಳು, ದಂತವೈದ್ಯೆ ಸವಿತಾ.

2012ರ ಅಕ್ಟೋಬರ್ 21ರಂದು ಬೆನ್ನುನೋವು ಅಂತ ಐರ್ಲೆಂಡಿನ ಗಾಲ್ವೇ ಆಸ್ಪತ್ರೆಗೆ ಹೋದಾಗ ಆಕೆಗೆ 31 ವರ್ಷ. ಗರ್ಭಕ್ಕೆ 17 ವಾರ. ಬಯಸಿ ಬಸುರಾಗಿದ್ದಳು. ಕೂಸು ಉಳಿಯುವುದಿಲ್ಲ ಎಂದು ವೈದ್ಯರೇ ಹೇಳಿದರು. ಗರ್ಭದ ನೀರೂ ಹೋಯಿತು. ಹಾಗಿದ್ದರೆ ತೆಗೆದುಬಿಡಿ ಎಂದು ಗಂಡ ಹೆಂಡತಿ ಕೇಳಿಕೊಂಡರು. ಕೂಸಿನ ಎದೆಬಡಿತ ಇರುವ ತನಕ ಆಗುವುದಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂದು ಆಸ್ಪತ್ರೆಯ ಮಿಡ್‌ವೈಫ್ ಒಬ್ಬರು ಹೇಳಿದರು. ಮುಂದೆ ಸಾವಿನ ವಿಚಾರಣೆಯಲ್ಲಿ ಆ ಮಾತನ್ನು ಅವರೇ ಒಪ್ಪಿ ಕ್ಷಮೆ ಕೇಳಿದರು. 24ರಂದು ಹೆಣ್ಣುಕೂಸು ಸತ್ತು ಹುಟ್ಟಿತು. ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು. 28ರಂದು ಸವಿತಾ ತೀರಿಕೊಂಡಳು.

ಆಸ್ಪತ್ರೆಯವರು ನಂಜನ್ನು ಬೇಗ ಗುರುತಿಸಲಿಲ್ಲ, ಧರ್ಮವನ್ನೇಕೆ ಎಳೆಯುತ್ತೀರಿ ಎನ್ನುವವರಿದ್ದಾರೆ. ತನಿಖಾ ವರದಿ ಆ ಲೋಪವನ್ನು ಎತ್ತಿ ತೋರಿಸಿದ್ದು ನಿಜ. ಎದೆಬಡಿತ ನಿಲ್ಲುವ ತನಕ ಕೈಹಾಕಬಾರದು ಎಂಬುದಕ್ಕೇ ಅತಿಯಾಗಿ ಗಮನ ಕೊಟ್ಟರು ಎಂದು ಅದೇ ವರದಿ ಹೇಳಿತಲ್ಲ? 1983ರಲ್ಲಿ ಐರ್ಲೆಂಡಿನ ಸಂವಿಧಾನಕ್ಕೆ ಸೇರಿದ 8ನೇ ತಿದ್ದುಪಡಿ ತಾಯಿಗೂ ಕೂಸಿಗೂ ಬದುಕುವ ಹಕ್ಕನ್ನು ಸಮನಾಗಿ ಕೊಟ್ಟಿತ್ತು. ತಾಯಿಯ ಜೀವಕ್ಕೇ ಕುತ್ತು ಬಂದರೆ ಗರ್ಭಪಾತ ಮಾಡಬಹುದು ಎಂದು 1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ಕುತ್ತನ್ನು ಯಾರು, ಯಾವ ಹಂತದಲ್ಲಿ ತೀರ್ಮಾನಿಸಬೇಕು ಎಂದು ಕಾಯ್ದೆ ಬರೆಯಲು 20 ವರ್ಷ ಯಾವ ಸರ್ಕಾರಕ್ಕೂ ಧೈರ್ಯ ಬರಲಿಲ್ಲ.

ಸವಿತಾ ಹೋದ ಮೇಲೆ, ಆ ನವೆಂಬರ್‌ನಲ್ಲಿ, ಐರ್ಲೆಂಡಿನ ಬಿಷಪರು ಹೇಳಿಕೆ ಕೊಟ್ಟರು. ತಾಯಿಯ ಜೀವಕ್ಕಿಂತ ಹೊಟ್ಟೆಯ ಕೂಸಿನ ಜೀವ ಹೆಚ್ಚಿನದು ಎಂದು ಧರ್ಮಸಭೆ ಎಂದೂ ಬೋಧಿಸಿಲ್ಲವಂತೆ. ಬೋಧನೆ ಅಷ್ಟು ಸ್ಪಷ್ಟವಾಗಿದ್ದರೆ ಅದು ಆಸ್ಪತ್ರೆಯ ವಾರ್ಡಿನ ಬಾಗಿಲವರೆಗೆ ಯಾಕೆ ಮುಟ್ಟಲಿಲ್ಲ? ಇದು ಕ್ಯಾಥೊಲಿಕ್ ದೇಶ ಎಂಬ ಮಾತು ಮಾತ್ರ ಹೇಗೆ ಮುಟ್ಟಿತು? ಈ ಪ್ರಶ್ನೆ ನೆನಪಾದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ನಾನೂ ಕ್ಯಾಥೊಲಿಕ್ ಹೆಂಗಸು. ಗರ್ಭದ ಜೀವ ದೇವರು ಕೊಟ್ಟದ್ದು ಎಂದೇ ನಂಬಿದವಳು. ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಸುದ್ದಿ 2023ರಲ್ಲಿ ಬಂದಾಗ ನನಗೆ ಊಟ ಸೇರಲಿಲ್ಲ. ಈ ನಂಬಿಕೆ ಬಿಡಿ ಎಂದು ಯಾರಿಗೂ ಹೇಳುತ್ತಿಲ್ಲ. ಆದರೆ ಜನರ ಹೆಗಲಿಗೆ ಭಾರದ ಹೊರೆ ಹೊರಿಸಿ ತಾವು ಬೆರಳನ್ನೂ ತಾಗಿಸದ ಧರ್ಮಗುರುಗಳ ಬಗ್ಗೆ ಯೇಸು ಏನು ಹೇಳಿದರೆಂದು ಮತ್ತಾಯನ 23ನೇ ಅಧ್ಯಾಯದಲ್ಲಿ ಓದಿಕೊಳ್ಳಿ.

ಅದೇ ಗಾಲ್ವೇ ಕೌಂಟಿಯ ಟ್ಯೂಮ್ ಪಟ್ಟಣದಲ್ಲಿ, ಮದುವೆಯಾಗದೆ ಬಸುರಾದವರಿಗೆಂದು ಕನ್ಯಾಸ್ತ್ರೀಯರು 1925ರಿಂದ 1961ರವರೆಗೆ ಒಂದು ಆಶ್ರಮ ನಡೆಸಿದ್ದರು. ಅಲ್ಲಿ ಸತ್ತ 796 ಮಕ್ಕಳ ಮರಣಪತ್ರಗಳನ್ನು ಕ್ಯಾಥರೀನ್ ಕಾರ್ಲೆಸ್ ಎಂಬ ಆ ಊರಿನ ಇತಿಹಾಸಕಾರ್ತಿ ಹುಡುಕಿ ತೆಗೆದರು. ಗರ್ಭಪಾತ ಮಹಾಪಾಪ ಎನ್ನುತ್ತಿದ್ದ ಸಮಾಜವೇ ಹುಟ್ಟಿದ ಕೂಸುಗಳನ್ನು ಹೀಗೆ ನಡೆಸಿಕೊಂಡಿತು. ಆದ್ದರಿಂದ 2018ರ ಮೇ 25ರ ಜನಮತದಲ್ಲಿ ಶೇ 66.4 ಮಂದಿ ಆ 8ನೇ ತಿದ್ದುಪಡಿಯನ್ನು ಕಿತ್ತುಹಾಕಿದ್ದನ್ನು ದೇವರನ್ನು ಬಿಟ್ಟವರ ಕೆಲಸ ಎಂದು ನಾನು ಕರೆಯಲಾರೆ. ತಿದ್ದುಪಡಿ ತೆಗೆಯಿರಿ ಎಂದು ಸವಿತಾಳ ತಂದೆಯೂ ಆ ಜನರಲ್ಲಿ ಬೇಡಿಕೊಂಡಿದ್ದರು.

ಕಡುಕಷ್ಟದಲ್ಲಿ ಬಸುರಾದ ಹೆಂಗಸರ ಜೊತೆ ನಿಲ್ಲಲು ನಾವು ಮಾಡಿದ್ದು ಕಡಿಮೆ ಎಂದು ಪೋಪ್ ಫ್ರಾನ್ಸಿಸ್ 2013ರಲ್ಲೇ ಒಪ್ಪಿಕೊಂಡರು. ಗರ್ಭಪಾತದ ಪಾಪಕ್ಕೆ ಕ್ಷಮೆ ಕೊಡುವ ಅಧಿಕಾರವನ್ನು 2016ರಲ್ಲಿ ಎಲ್ಲ ಗುರುಗಳಿಗೂ ಕಾಯಂ ಆಗಿ ಕೊಟ್ಟರು. ನಮ್ಮ ಧರ್ಮಕೇಂದ್ರಗಳಲ್ಲಿ ಈ ಮಾತು ಎಷ್ಟು ಜನರಿಗೆ ಗೊತ್ತು?

ಈ ವಿಷಯದ ಮೇಲೆ ಭಾನುವಾರ ಪ್ರಬೋಧನೆ ಕೊಡುವ ಫಾದರ್‌ಗಳಲ್ಲಿ ನನ್ನ ಕೋರಿಕೆ ಇಷ್ಟೆ. ತಾಯಿಯ ಜೀವದ ಬಗ್ಗೆ ಆ ಬಿಷಪರು ಹೇಳಿದ್ದನ್ನೂ ಪೀಠದಿಂದಲೇ ಹೇಳಿ. ಮದುವೆಯಾಗದ ಹುಡುಗಿ ಬಸುರಾಗಿ ಚರ್ಚಿನ ಬಾಗಿಲಿಗೆ ಬಂದರೆ ಅವಳು ಎಲ್ಲಿ ಉಳಿಯಬೇಕು, ಹೆರಿಗೆಯ ಖರ್ಚು ಯಾರು ಕೊಡುತ್ತಾರೆ, ಅವಳ ಓದು ಯಾರು ಮುಂದುವರಿಸುತ್ತಾರೆ ಎಂಬುದನ್ನೂ ಅದೇ ಪ್ರಬೋಧನೆಯಲ್ಲಿ ಹೇಳಿ. ಕೊಡುವವರ ಪಟ್ಟಿಯಲ್ಲಿ ನನ್ನ ಹೆಸರು ಮೊದಲು ಬರೆದುಕೊಳ್ಳಿ.