ಬೀರು ತೆಗೆದ ಶನಿವಾರ

ನಮ್ಮ ಶಾಲೆಯ ಲೈಬ್ರರಿ ಅಂದರೆ ಸ್ಟಾಫ್ ರೂಮಿನ ಮೂಲೆಯ ಎರಡು ಕಬ್ಬಿಣದ ಬೀರು. ಕೀಲಿ ನನ್ನ ಹತ್ತಿರ. ಕನ್ನಡ ಮೇಷ್ಟ್ರು ಅಂದ ಮೇಲೆ ಲೈಬ್ರರಿ ಚಾರ್ಜೂ ಅವರದೇ ಅಂತ ಯಾರು ತೀರ್ಮಾನ ಮಾಡಿದರೋ! ವರ್ಷಗಟ್ಟಲೆ ನಾನು ಆ ಬೀರು ತೆಗೆದಿದ್ದು ಸ್ಟಾಕ್ ರಿಜಿಸ್ಟರ್ ತಾಳೆ ನೋಡಲು ಮಾತ್ರ. ಒಂದು ಪುಸ್ತಕ ಕಮ್ಮಿ ಬಂದರೂ ಜೇಬಿನಿಂದ ಕಟ್ಟಬೇಕಾಗುತ್ತದೆ ಅನ್ನುವ ಭಯ. ಭಯ ಅಂದೆನಲ್ಲ, ಸ್ವಲ್ಪ ಸೋಮಾರಿತನವೂ ಇತ್ತು.

ಮಕ್ಕಳು ಏನು ಓದಬೇಕು ಅಂತ ಮೇಷ್ಟ್ರು ಹೇಳಬೇಕೋ, ಮಕ್ಕಳೇ ಆರಿಸಿಕೊಳ್ಳಬೇಕೋ ಅಂತ ಮೊನ್ನೆ ಗೆಳೆಯರ ನಡುವೆ ಜೋರು ವಾದ. ನನಗೆ ಆ ಕೀಲಿಯೇ ನೆನಪಾಗುತ್ತಿತ್ತು. ಬೀಗ ಹಾಕಿಟ್ಟುಕೊಂಡು ಆಯ್ಕೆಯ ಮಾತಾಡುವುದು ಹೇಗೆ?

ಎರಡು ವರ್ಷದ ಹಿಂದೆ ಒಂದು ಶನಿವಾರ ಧೈರ್ಯ ಮಾಡಿದೆ. ವರಾಂಡದಲ್ಲಿ ಜಮಖಾನ ಹಾಸಿ ಪುಸ್ತಕಗಳನ್ನೆಲ್ಲ ಹರಡಿದೆ. ಒಂಬತ್ತನೇ ಕ್ಲಾಸಿನವರನ್ನು ಕರೆದು, "ಬೇಕಾದ್ದು ತಗೊಳ್ಳಿ" ಅಂದೆ. ಎಲ್ಲರೂ ತೀರಾ ತೆಳ್ಳಗಿರುವ ಪುಸ್ತಕಕ್ಕೇ ಕೈ ಹಾಕಿದರು. ಒಬ್ಬ ಹುಡುಗ ಮಾತ್ರ ಕೋಳಿ ಸಾಕಣೆಯ ಪುಸ್ತಕ ಹಿಡಿದುಕೊಂಡ. ಅದು ನಮ್ಮ ಬೀರುವಿಗೆ ಹೇಗೆ ಬಂತೋ ಗೊತ್ತಿಲ್ಲ. ಪಾಠ ಓದು ಅಂದರೆ ಎರಡು ಸಾಲಿಗೆ ನಾಲ್ಕು ಸಲ ತಡವರಿಸುವ ಹುಡುಗ. ಮೂರನೇ ವಾರ ಬಂದು, "ಸಾರ್, ಲಸಿಕೆ ಹಾಕೋ ದಿನದ ಲೆಕ್ಕ ನಮ್ಮಪ್ಪ ಮಾಡೋದೇ ಬೇರೆ, ಇದರಲ್ಲಿರೋದೇ ಬೇರೆ" ಅಂದ. ಪುಸ್ತಕವನ್ನು ಅಪ್ಪನ ಮುಂದಿಟ್ಟು ವಾದ ಮಾಡಿದ್ದನಂತೆ! ನನ್ನ ಯಾವ ಪಾಠದ ಮೇಲೂ ಅವನು ಮನೆಯಲ್ಲಿ ವಾದ ಮಾಡಿರಲಿಕ್ಕಿಲ್ಲ.

ಅಷ್ಟಕ್ಕೇ ಸುಮ್ನಿರಬೇಕಿತ್ತು. ನಾನು ಇರಲಿಲ್ಲ. ಓದಿದ ಪುಸ್ತಕದ ಬಗ್ಗೆ ಒಂದು ಪುಟ ಬರೆದುಕೊಂಡು ಬನ್ನಿ, ಎಫ್‌ಎಗೆ, ಅಂದರೆ ವರ್ಷದ ನಡುವೆ ಮಾಡುವ ಕಿರು ಮೌಲ್ಯಮಾಪನಕ್ಕೆ, ಅಂಕ ಕೊಡುತ್ತೇನೆ ಅಂದೆ. ಬಂತು ನೋಡಿ ರಾಶಿ! ಹೆಚ್ಚುಕಮ್ಮಿ ಎಲ್ಲರೂ ಬೆನ್ನುಡಿಯನ್ನೇ ಎತ್ತಿ ಬರೆದಿದ್ದರು. ಒಬ್ಬಳಂತೂ ಕೊನೆಯಲ್ಲಿ "ಬೆಲೆ: ರೂ. 45" ಅನ್ನುವುದನ್ನೂ ಬಿಟ್ಟಿರಲಿಲ್ಲ. ಮೊದಲು ನಗು ಬಂತು, ಆಮೇಲೆ ನಾಚಿಕೆ. ಅವರೇ ಆರಿಸಿದ ಪುಸ್ತಕವನ್ನು ನಾನೇ ಹೋಮ್‌ವರ್ಕ್ ಮಾಡಿಬಿಟ್ಟಿದ್ದೆ, ಅಲ್ವಾ?

ನಾನೇನು ಕುಮಾರವ್ಯಾಸನನ್ನು ಓದಿ ಓದಿನ ರುಚಿ ಹತ್ತಿಸಿಕೊಂಡವನಲ್ಲ. ನನಗೆ ಹುಚ್ಚು ಹಿಡಿಸಿದ್ದು ಎನ್. ನರಸಿಂಹಯ್ಯನವರ ಕಾದಂಬರಿಗಳ ಪತ್ತೇದಾರ ಪುರುಷೋತ್ತಮ. ಬಾಡಿಗೆ ಲೈಬ್ರರಿಯಿಂದ ತಂದು ಸಮಾಜ ಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಿದ್ದೆ. ಅದರ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಎರಡು ಏಟು ಬೀಳುತ್ತಿತ್ತು, ಅದು ಬೇರೆ ಮಾತು.

ಹಾಗಂತ ಎಲ್ಲವನ್ನೂ ಮಕ್ಕಳಿಗೇ ಬಿಟ್ಟುಬಿಡಿ ಅನ್ನುವವರ ಪೈಕಿ ನಾನಲ್ಲ. ಪಿಯುಸಿಯಲ್ಲಿ ನಮಗೆ ರಾಘವಾಂಕನ ಹರಿಶ್ಚಂದ್ರನ ಕಥೆ ಇತ್ತು. ನಾನಾಗಿ ಆ ಪುಸ್ತಕವನ್ನು ಈ ಜನ್ಮದಲ್ಲಿ ಮುಟ್ಟುತ್ತಿರಲಿಲ್ಲ. ನಮ್ಮ ಲೆಕ್ಚರರ್ ಅರ್ಥ ಹೇಳುವ ಮೊದಲು ಷಟ್ಪದಿಯನ್ನು ರಾಗವಾಗಿ ಓದುತ್ತಿದ್ದರು. ಲೋಹಿತಾಶ್ವನ ಹೆಣದ ಮುಂದೆ ಚಂದ್ರಮತಿ ಅಳುವ ಭಾಗ ಬಂದ ದಿನ ಹಿಂದಿನ ಬೆಂಚೂ ತೆಪ್ಪಗಿತ್ತು. ಅರ್ಧ ಪದ ಗೊತ್ತಾಗಿರಲಿಲ್ಲ, ಆದರೂ ಗಂಟಲು ಕಟ್ಟಿತ್ತು. ಅಂಥ ಪುಸ್ತಕಕ್ಕೆ ಕೈ ಹಿಡಿದು ಕರೆದುಕೊಂಡು ಹೋಗುವವರು ಬೇಕು. ಅದನ್ನೇ "ಮನೆಯಲ್ಲಿ ಓದಿಕೊಂಡು ಬನ್ನಿ" ಅಂದಿದ್ದರೆ ನಾವೆಲ್ಲ ಗೈಡ್ ಕೊಳ್ಳುತ್ತಿದ್ದೆವು.

ಆದ್ದರಿಂದ ಈಗ ನನ್ನ ಲೆಕ್ಕ ಸರಳ. ಕಷ್ಟದ್ದನ್ನು ನಾನು ಆರಿಸುತ್ತೇನೆ, ಕ್ಲಾಸಿನಲ್ಲಿ ನಾನೇ ಗಟ್ಟಿಯಾಗಿ ಓದುತ್ತೇನೆ. ಮನೆಗೆ ಒಯ್ಯುವ ಪುಸ್ತಕ ಅವರದು. ಅದಕ್ಕೆ ಅಂಕ ಇಲ್ಲ, ವರದಿ ಇಲ್ಲ. ಬೇಜಾರಾದರೆ ಅರ್ಧಕ್ಕೇ ವಾಪಸ್ ಕೊಡಬಹುದು. "ಕಥೆ ಪುಸ್ತಕ ಓದ್ತಾ ಕೂತ್ರೆ ಎಸ್ಸೆಸ್ಸೆಲ್ಸಿ ಗತಿ ಏನು ಸಾರ್?" ಅಂತ ಪೋಷಕರು ಕೇಳುತ್ತಾರೆ. ಎಸ್ಸೆಸ್ಸೆಲ್ಸಿಯ 125 ಅಂಕದ ಕನ್ನಡಕ್ಕೆ ಪಠ್ಯಪುಸ್ತಕ ಇದ್ದೇ ಇದೆ, ಅದನ್ನು ಯಾರೂ ಕಿತ್ತುಕೊಂಡಿಲ್ಲ.

ನಮ್ಮ ದೇಶದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದ್ದು 1931ರಲ್ಲಿ. ಪುಸ್ತಕ ಇರುವುದು ಬಳಸಲಿಕ್ಕೆ ಅನ್ನುವುದು ಮೊದಲನೆಯದು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಅನ್ನುವುದು ಆಮೇಲಿನ ಎರಡು. ಅವರು ಕೊನೆಯ ವರ್ಷಗಳನ್ನು ಕಳೆದಿದ್ದು ನಮ್ಮ ಬೆಂಗಳೂರಿನಲ್ಲೇ. ನನ್ನ ಬೀಗ ನೋಡಿದ್ದರೆ ಏನು ಅನ್ನುತ್ತಿದ್ದರೋ!

ವರ್ಷದ ಕೊನೆಗೆ ಎಣಿಸಿದಾಗ ನಾಲ್ಕು ಪುಸ್ತಕ ಕಮ್ಮಿ. ಮೂರರ ಪತ್ತೆ ಇಲ್ಲ, ದುಡ್ಡು ಕಟ್ಟಿದೆ. ನಾಲ್ಕನೆಯದು ಕೋಳಿ ಪುಸ್ತಕ. ಅದು ಯಾರ ಮನೆಯಲ್ಲಿದೆ ಅಂತ ನನಗೆ ಗೊತ್ತು, ನಾನೂ ಕೇಳಿಲ್ಲ, ಅವನೂ ಹೇಳಿಲ್ಲ. ರಿಜಿಸ್ಟರಿನಲ್ಲಿ ಅದರ ಮುಂದೆ "ಬಳಕೆಯಲ್ಲಿದೆ" ಅಂತ ಬರೆದು ಸಹಿ ಹಾಕಿದ್ದೇನೆ.