ಹದಿನಾಲ್ಕರ ಹುಡುಗಿಗೆ ಕನ್ನಡದಲ್ಲಿ ಏನು ಕೊಡೋಣ?

ಹೋದ ಸಲ ಊರಿಗೆ ಬಂದಾಗ ಹುಬ್ಬಳ್ಳಿಯ ಒಂದು ಪುಸ್ತಕದಂಗಡಿಗೆ ಹೋಗಿದ್ದೆ. ಅಣ್ಣನ ಮಗಳಿಗೆ ಏನಾದರೂ ಕೊಡಿಸಬೇಕಿತ್ತು. ಒಂಬತ್ತನೇ ಇಯತ್ತೆ ಓದುವ ಹುಡುಗಿ. ಮಾಟ, ಮಂತ್ರ, ಡ್ರ್ಯಾಗನ್ ಅಂದರೆ ಊಟ ಬಿಟ್ಟು ಕೂರುತ್ತಾಳೆ. ಕನ್ನಡದಲ್ಲಿ ಅಂಥದ್ದು ಒಂದು ಕೊಡಿ ಅಂದೆ. ಅಂಗಡಿಯವರು ತೆನಾಲಿ ರಾಮನ ಕತೆಗಳನ್ನು ತೆಗೆದಿಟ್ಟರು. ಅದನ್ನು ಅವಳು ಯಾವತ್ತೋ ಮುಗಿಸಿದ್ದಾಳೆ ಅಂದೆ. ಒಳಗೆ ಹೋಗಿ ಐನೂರು ಪುಟದ ಸಾಮಾಜಿಕ ಕಾದಂಬರಿ ತಂದರು. ಗಂಡ ಹೆಂಡತಿ ಬೇರೆಯಾಗುವ ಕತೆ. ಇವೆರಡರ ನಡುವಿನದು ಇಲ್ವಾ ಅಂತ ಕೇಳಿದೆ.

"ಆ ವಯಸ್ಸಿನವ್ರು ಕನ್ನಡ ಓದಂಗಿಲ್ಲ ಬಿಡ್ರಿ ಸರ. ಅವ್ರಿಗೆ ಗೈಡ್ ಬೇಕಾಗ್ತಾವ."

ಪಕ್ಕದ ಕಪಾಟು ತೋರಿಸಿದರು. ನೆಲದಿಂದ ಮೇಲಿನವರೆಗೆ ನೀಟ್, ಸಿಇಟಿ, ಪಿಎಸ್‌ಐ, ಎಫ್‌ಡಿಎ. ನನಗೆ ಚುರುಕ್ ಅಂದಿತು. ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲವಲ್ಲ ಅಂತ ಇನ್ನೂ ಜಾಸ್ತಿ ಚುರುಕ್ ಅಂದಿತು.

ನಾನು ಹುಟ್ಟಿದ್ದು ಗದಗ, ಕಲಿತದ್ದು ಧಾರವಾಡ, ಈಗ ಇರುವುದು ಟೊರಾಂಟೊ. ಟೊರಾಂಟೊದ ಚಳಿ, ಮನೆ ಬಾಡಿಗೆ, ಅಲ್ಲಿ ಸಿಗುವ ಜೋಳದ ಹಿಟ್ಟು, ಇವುಗಳ ಬಗ್ಗೆ ನನ್ನ ಬಾಯಲ್ಲಿ ಒಳ್ಳೆ ಮಾತು ಬರುವುದಿಲ್ಲ. ಆದರೆ ಲೈಬ್ರರಿ ವಿಷಯ ಬೇರೆ. ಊರಿನ ಪಬ್ಲಿಕ್ ಲೈಬ್ರರಿಗೆ ನೂರು ಶಾಖೆಗಳಿವೆ. ಕಾಲೇಜ್ ಸ್ಟ್ರೀಟಿನ ಶಾಖೆಯ ಬಾಗಿಲಲ್ಲಿ ಎರಡು ಕಂಚಿನ ಗ್ರಿಫಿನ್‌ಗಳು ಕಾವಲು ಕೂತಿವೆ. ಸಿಂಹದ ಮೈ, ಬೆನ್ನಿಗೆ ರೆಕ್ಕೆ. ಒಳಗೆ ಸೈನ್ಸ್ ಫಿಕ್ಷನ್ ಮತ್ತು ಫ್ಯಾಂಟಸಿಗೇ ಮೀಸಲಾದ ಒಂದು ದೊಡ್ಡ ಸಂಗ್ರಹ ಇದೆ. ಜುಡಿತ್ ಮೆರಿಲ್ ಅನ್ನುವ ಲೇಖಕಿ 1970ರಲ್ಲಿ ತಮ್ಮ ಸ್ವಂತ ಪುಸ್ತಕಗಳನ್ನು ಊರಿಗೆ ಕೊಟ್ಟುಬಿಟ್ಟರು. ಅಲ್ಲಿಂದ ಬೆಳೆದು ಈಗ ಹತ್ತಾರು ಸಾವಿರ ದಾಟಿದೆ. ಮಾಟ ಮಂತ್ರದ ಕತೆ ಕಾಯಲು ಊರ ತೆರಿಗೆ ದುಡ್ಡು! ನಮ್ಮ ಪಾಲಿಕೆ ಸಭೆಯಲ್ಲಿ ಒಮ್ಮೆ ಇದನ್ನು ಹೇಳಿ ನೋಡಿ.

ಕಟ್ಟಡದ ಮಾತು ಬಿಡಿ. ದುಡ್ಡಿದ್ದವರು ಕಟ್ಟುತ್ತಾರೆ. ನನಗೆ ಹಿಡಿಸಿದ್ದು ನಮ್ಮ ಮನೆ ಹತ್ತಿರದ ಸಣ್ಣ ಶಾಖೆಯಲ್ಲಿ ನಡೆದ ಒಂದು ಸಣ್ಣ ಸಂಗತಿ. ಮಗಳು ಒಂದು ಫ್ಯಾಂಟಸಿ ಸರಣಿಯ ಮೂರನೇ ಭಾಗ ವಾಪಸ್ ಕೊಟ್ಟಳು. ಅಲ್ಲಿ ಕೂತಿದ್ದಾಕೆ ಹೇಗಿತ್ತು ಅಂತ ಕೇಳಿದರು. ಬೋರು, ಮೊದಲ ನೂರು ಪುಟ ಬರೀ ಅಳು ಅಂದಳು ಇವಳು. ಅವರು ನಗಲಿಲ್ಲ, ಬುದ್ಧಿ ಹೇಳಲಿಲ್ಲ. ಒಂದು ಉದ್ದನೆಯ ಚೀಟಿ ಕೊಟ್ಟು, ಇದನ್ನೇ ಬರೆದುಕೊಡು ಅಂದರು. ನೇರಳೆ ಬಣ್ಣದ ಪೆನ್ನಿನಲ್ಲಿ ಮಗಳು ಬರೆದಳು: ಎರಡಕ್ಕೇ ನಿಲ್ಲಿಸಿ, ಮೂರನೆಯದರಲ್ಲಿ ಡ್ರ್ಯಾಗನ್ ಬರುವುದೇ ಇನ್ನೂರ ಹತ್ತನೇ ಪುಟದಲ್ಲಿ. ಮುಂದಿನ ವಾರ ಹೋದರೆ ಆ ಚೀಟಿ ಅದೇ ಪುಸ್ತಕದ ಕೆಳಗೆ, ಶೆಲ್ಫಿನ ಅಂಚಿಗೆ ಅಂಟಿಕೊಂಡಿತ್ತು. ಲೈಬ್ರರಿಯೇ ತನ್ನ ಪುಸ್ತಕಕ್ಕೆ ಓದಬೇಡಿ ಅಂತ ಚೀಟಿ ಅಂಟಿಸುವುದು ಅಂದರೆ ಏನು! ನಾನು ಅದನ್ನು ನೋಡುತ್ತ ನಿಂತುಬಿಟ್ಟೆ.

ಧಾರವಾಡದಲ್ಲಿ ಇದ್ದಷ್ಟೂ ವರ್ಷ ನನಗೆ ಯಾವ ಹಿರಿಯರೂ ಪುಸ್ತಕ ಹೇಗಿತ್ತು ಅಂತ ಕೇಳಿದ್ದಿಲ್ಲ. ಎಷ್ಟು ಪುಟ ಆತು ಅಂತ ಕೇಳುತ್ತಿದ್ದರು. ಇದರಿಂದ ಏನು ಕಲಿತಿ ಅಂತ ಕೇಳುತ್ತಿದ್ದರು. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಅದೇ ಪುಸ್ತಕ ಬೋರು ಅಂತ ಒಂದು ಹುಡುಗಿ ಅಂದರೆ ನಮಗೆ ತಡೆಯುವುದಿಲ್ಲ. ಎಷ್ಟು ದೊಡ್ಡವರು ಬರೆದದ್ದು, ನಿನಗೇನು ತಿಳೀತದ ಅಂತೇವೆ. ಹೀಗಂದ ಮೇಲೆ ಆಕೆ ಮುಂದಿನ ಕನ್ನಡ ಪುಸ್ತಕ ಯಾಕೆ ತೆಗೆಯಬೇಕು?

ಮಗಳ ದೆಸೆಯಿಂದ ನಾನೂ ಈ ಸರಣಿಗಳನ್ನು ಓದತೊಡಗಿದೆ. ನಲವತ್ತು ದಾಟಿದ ಗಂಡಸು ಸಬ್‌ವೇಯಲ್ಲಿ ಮಕ್ಕಳ ಪುಸ್ತಕ ಹಿಡಿದು ಕೂತರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಓದಿದ ಮೇಲೆ ಅಭಿಪ್ರಾಯ ಹುಟ್ಟದೆ ಇರುತ್ತಾ?

ಹ್ಯಾರಿ ಪಾಟರ್ ಎಲ್ಲರಿಗೂ ಗೊತ್ತು. 1997ರಿಂದ 2007ರವರೆಗೆ ಏಳು ಪುಸ್ತಕ. ಅದರ ಜಾಣತನ ಮಂತ್ರದಂಡದಲ್ಲಿ ಇಲ್ಲ. ಪುಸ್ತಕಕ್ಕೊಂದು ವರ್ಷದಂತೆ ಹುಡುಗ ಬೆಳೆಯುತ್ತಾನೆ, ಅವನ ಜೊತೆ ಓದುವವರೂ ಬೆಳೆದರು. ಅಲ್ಲಿದೆ ಜಾಣತನ. ಆದರೆ ಆ ಐದನೆಯದರ ದಪ್ಪ ನೋಡಿ. ಬರೆಯುವವರ ಹೆಸರು ದೊಡ್ಡದಾದಷ್ಟೂ ಸಂಪಾದಕರ ಕತ್ತರಿ ಮೊಂಡಾಗುತ್ತದೆ ಅಂತ ನನ್ನ ಗುಮಾನಿ.

ನನ್ನ ಓಟು ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀಗೆ. ಮೊದಲ ಪುಸ್ತಕ ಬಂದದ್ದು 1968ರಲ್ಲಿ. ಗೆಡ್ ಅಂತ ಒಬ್ಬ ಹುಡುಗ. ದ್ವೀಪವೊಂದರಲ್ಲಿ ಆಡು ಕಾಯುತ್ತಿದ್ದವನು. ಮೈಬಣ್ಣ ಕಂದು. ಆ ಕಾಲದ ಫ್ಯಾಂಟಸಿಯಲ್ಲಿ ಅದೇ ಅಪರೂಪ. ಮಂತ್ರ ಕಲಿಸುವ ಶಾಲೆ ಸೇರುತ್ತಾನೆ. ಅಲ್ಲಿ ಗುರುಗಳು ಒಂದು ಕಲ್ಲು ತೋರಿಸಿ ಹೇಳುತ್ತಾರೆ: ಇದನ್ನು ನಿಜವಾಗಲೂ ವಜ್ರ ಮಾಡಿದರೆ ಇಡೀ ಜಗತ್ತೇ ಬದಲಾಗುತ್ತದೆ. ಹುಡುಗ ಕೇಳಬೇಕಲ್ಲ! ಜಂಬದಿಂದ ಸತ್ತವರನ್ನು ಕರೆಯಲು ಹೋಗಿ ಒಂದು ಕರಿ ನೆರಳನ್ನು ಹೊರಗೆ ಬಿಡುತ್ತಾನೆ. ಆಮೇಲೆ ಆ ನೆರಳು ಇವನ ಬೆನ್ನು ಹತ್ತುತ್ತದೆ. ಕೊನೆ ಹೇಳುವುದಿಲ್ಲ, ಓದಿ. ಮಾಡಿದ ಪ್ರತಿ ಮಾಟಕ್ಕೂ ಇಲ್ಲಿ ಬೆಲೆ ತೆರಬೇಕು. ಮತ್ತೆ ಇಡೀ ಕತೆ ಸುಮಾರು ಇನ್ನೂರು ಪುಟ, ಅಷ್ಟೇ. ಈಗಿನ ಸರಣಿಗಳಲ್ಲಿ ಇನ್ನೂರು ಪುಟಕ್ಕೆ ನಾಯಕಿ ಯಾವ ರಾಜಕುಮಾರ ಬೇಕು ಅಂತ ಇನ್ನೂ ಯೋಚನೆ ಮಾಡುತ್ತಿರುತ್ತಾಳೆ. ಒಬ್ಬ ಮುಂಗೋಪಿ, ಇನ್ನೊಬ್ಬ ಬಾಲ್ಯದ ಗೆಳೆಯ. ಮೂರೂ ಭಾಗಕ್ಕೆ ಇದೇ ಸಾರು, ಪ್ರತಿ ಸಲ ಒಂದು ಚೊಂಬು ನೀರು ಜಾಸ್ತಿ.

ಇನ್ನು ರಿಕ್ ರಿಯೋರ್ಡನ್. ಶಾಲಾ ಮಾಸ್ತರರಾಗಿದ್ದವರು. ಅಕ್ಷರ ಓದಲು ಕಷ್ಟಪಡುತ್ತಿದ್ದ ತಮ್ಮ ಮಗನಿಗೆ ಮಲಗುವಾಗ ಹೇಳಿದ ಕತೆ 2005ರಲ್ಲಿ ಪುಸ್ತಕವಾಯಿತು. ಅದರ ನಾಯಕ ಪರ್ಸಿ ಜಾಕ್ಸನ್‌ಗೂ ಅದೇ ಕಷ್ಟ. ಗ್ರೀಕ್ ದೇವರುಗಳು ಎಂಪೈರ್ ಸ್ಟೇಟ್ ಕಟ್ಟಡದ ಆರುನೂರನೇ ಮಹಡಿಯಲ್ಲಿ ವಾಸ. ಸುಮ್ನೆ ನಗಿಸಿಕೊಂಡು ಓದಿಸುತ್ತದೆ. ಅವರ ಹೆಸರಿನಲ್ಲೇ ಶುರುವಾದ ಮಾಲಿಕೆಯಲ್ಲಿ 2018ರಲ್ಲಿ ರೋಶನಿ ಚೋಕ್ಷಿ ಅವರ ಅರು ಶಾ ಸರಣಿ ಬಂತು. ಪಾಂಡವರ ಆತ್ಮಗಳು ಅಮೆರಿಕದ ಹುಡುಗಿಯರಾಗಿ ಹುಟ್ಟಿಬಂದಿವೆ. ಯುಧಿಷ್ಠಿರ ಅಲ್ಲಿ ಮಿನಿ ಅನ್ನುವ ಅಂಜುಬುರುಕಿ ಹುಡುಗಿ.

ನನ್ನ ಮಗಳಿಗೆ ಯುಧಿಷ್ಠಿರ ಸಿಕ್ಕಿದ್ದು ಅಲ್ಲಿ. ಗದಗಿನವನ ಮಗಳಿಗೆ! ವೀರನಾರಾಯಣ ಗುಡಿಯ ಕಂಬದ ಹತ್ತಿರ ಅವ್ವ ನನ್ನನ್ನು ನಿಲ್ಲಿಸಿ, ಇಲ್ಲೇ ಕೂತು ಕುಮಾರವ್ಯಾಸ ಭಾರತ ಬರೆದದ್ದು, ನಮಸ್ಕಾರ ಮಾಡು ಅಂದಿದ್ದಳು. ಮಾಡಿದೆ. ಆದರೆ ಆ ಭಾರತದಲ್ಲಿ ಉತ್ತರಕುಮಾರ ಹೆಂಗಸರ ಮುಂದೆ ಎಷ್ಟು ಜಂಬ ಕೊಚ್ಚುತ್ತಾನೆ, ಕೌರವ ಸೇನೆ ಕಂಡದ್ದೇ ರಥದಿಂದ ಹಾರಿ ಹೇಗೆ ಓಡುತ್ತಾನೆ ಅನ್ನುವುದನ್ನು ಯಾರೂ ನನಗೆ ಆ ವಯಸ್ಸಿನಲ್ಲಿ ಹೇಳಲಿಲ್ಲ. ಹದಿನಾಲ್ಕು ವರ್ಷದವರಿಗೆ ಅವನಿಗಿಂತ ಒಳ್ಳೆ ನಾಯಕ ಎಲ್ಲಿ ಸಿಗಬೇಕು? ನಾವು ಕಂಬಕ್ಕೆ ಕೈಮುಗಿದು ಬಸ್ ಹತ್ತಿದೆವು. ಲಕ್ಕುಂಡಿ ಅಲ್ಲಿಂದ ಹತ್ತಿರ. ಗುಡಿಯ ತೋರಣದ ಮಕರ ನೋಡಿ, ಆನೆಯ ಸೊಂಡಿಲು, ಮೊಸಳೆಯ ಬಾಯಿ. ಟೊರಾಂಟೊದ ಗ್ರಿಫಿನ್‌ಗೆ ಅದು ಯಾವುದರಲ್ಲಿ ಕಡಿಮೆ? ಅದಕ್ಕೊಂದು ಕತೆ ಕಟ್ಟಿ ಹುಡುಗರ ಕೈಗೆ ಕೊಡುವವರು ಬೇಕು, ಅಷ್ಟೇ.

ನಮಗೆ ಇದು ಬರುವುದೇ ಇಲ್ಲ ಅಂತಲೂ ಅಲ್ಲ. ಹಾವೇರಿ ಕಡೆಯ ಗಳಗನಾಥರು ನೂರು ವರ್ಷದ ಹಿಂದೆಯೇ ರಾಜರು, ಯುದ್ಧ, ಒಳಸಂಚು ತುಂಬಿದ ಕಾದಂಬರಿ ಬರೆದು, ತಾವೇ ಗಂಟು ಹೊತ್ತು ಊರೂರು ತಿರುಗಿ ಮಾರಿದರು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಜನಕ್ಕೆ ಏನು ಓದಲು ಹಸಿವಿದೆ ಅಂತ ಅವರಿಗೆ ಗೊತ್ತಿತ್ತು. ಈಗ ಧಾರವಾಡದ ಸಪ್ತಾಪುರದಲ್ಲಿ ನಡೆದರೆ ಗೋಡೆ ತುಂಬ ಕೋಚಿಂಗ್ ಬೋರ್ಡು.

ಇಷ್ಟು ಬೈದ ಮೇಲೆ ಒಂದೆರಡು ಮಾತು ಹೇಳದಿದ್ದರೆ ಅಣ್ಣನ ಮಗಳು ಬಿಡುವುದಿಲ್ಲ. ಅವಳ ಸ್ಕೂಲ್ ವ್ಯಾನಿನಲ್ಲಿ ಒಂದೇ ಸೆಟ್ ಪುಸ್ತಕ ಎಲ್ಲ ಹುಡುಗಿಯರ ಕೈ ದಾಟುತ್ತದೆ. ಮುಖಪುಟ ಕಿತ್ತು ಬಂದಿದೆ, ಬೆನ್ನಿಗೆ ಬ್ರೌನ್ ಟೇಪು. ಓದುವುದು ಇಂಗ್ಲಿಷಿನಲ್ಲಿ, ಜಗಳ ಮಾತ್ರ ಹುಬ್ಬಳ್ಳಿ ಕನ್ನಡದಲ್ಲಿ. "ಆ ರಾಜಕುಮಾರ ಶುದ್ಧ ಹುಚ್ಚ ಅದಾನ ಕಾಕಾ, ಆಕಿ ಡ್ರ್ಯಾಗನ್ ಜೋಡಿನ ಇರ್ಬೇಕಿತ್ತು" ಅಂದಳು ನನಗೆ. ವೈನಿ ಒಳಗಿನಿಂದ, "ಮೊದ್ಲ ಸಾಯನ್ಸ್ ಮುಗಸು" ಅಂತ ಕೂಗಿದರು. ಆದರೆ ಆ ಸೆಟ್ಟಿಗೆ ದುಡ್ಡು ಕೊಟ್ಟವರೂ ವೈನಿಯೇ. ನನ್ನ ಮಗಳ ಚೀಟಿ ಚೆನ್ನಾಗಿತ್ತು, ಸರಿ. ಅದನ್ನು ಕನ್ನಡದಲ್ಲಿ ಬರಿ ಅಂದರೆ ಅವಳಿಗೆ ಆಗುವುದಿಲ್ಲ. ಟೊರಾಂಟೊದಲ್ಲಿ ಪುಸ್ತಕದ ಬಗ್ಗೆ ಅವಳ ಜೊತೆ ಜಗಳ ಆಡುವ ವ್ಯಾನೂ ಇಲ್ಲ.

ಧಾರವಾಡದ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆ ಅನ್ನುವ ಪುಸ್ತಕ ಪ್ರಕಾಶನದ ಅಟ್ಟ ಇದೆ. ಗ್ರಂಥಮಾಲೆ ಶುರುವಾದದ್ದು 1933ರಲ್ಲಿ. ಅಟ್ಟ ಹತ್ತಿ ಕೂತು ಹರಟಿದವರು ಎಷ್ಟು ಜನವೋ. ಅಂಥ ಜಾಗ ಟೊರಾಂಟೊದಲ್ಲಿ ನನಗೆ ಸಿಕ್ಕಿಲ್ಲ, ಒಪ್ಪಿಕೊಳ್ಳಲೇಬೇಕು. ಆ ಮೆಟ್ಟಿಲನ್ನು ಒಂದು ಸಲ ಈ ವ್ಯಾನಿನ ಹುಡುಗಿಯರಿಗೂ ಹತ್ತಿಸಬಾರದಾ?

ಧಾರವಾಡದಲ್ಲಿ ಬರೆಯುವವರಿಗಂತೂ ಬರ ಇಲ್ಲ. ಯಾರಾದರೂ ಲಕ್ಕುಂಡಿಯ ಮಕರವನ್ನು ತೋರಣದಿಂದ ಕೆಳಗಿಳಿಸಿ ಒಂದು ಕತೆ ಬರೆಯಿರಿ. ಇನ್ನೂರು ಪುಟ ಸಾಕು. ನೀತಿ ಬೇಡ, ಇಬ್ಬರು ರಾಜಕುಮಾರರು ಬೇಡ, ಎರಡನೇ ಭಾಗದ ಮಾತು ಆಮೇಲೆ. ಅಚ್ಚಿಗೆ ಕೊಡುವ ಮೊದಲು ಪ್ರತಿಯನ್ನು ಆ ವ್ಯಾನಿಗೆ ಕಳಿಸಿ. ಹುಡುಗಿಯರು ಎಲ್ಲಿ ಪುಟ ಹಾರಿಸುತ್ತಾರೋ ಅಲ್ಲಿ ಕತ್ತರಿ ಹಾಕಿ.